ಅಪ್ಪನ ಎ.ಸಿ., ನನ್ನ ರಿಮೋಟು

ದಾವಣಗೆರೆಯ ನಮ್ಮ ಮನೆಯ ಟೀಪಾಯಿ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ ಇದೆ. ಯಾರದೋ ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟದ್ದು. ಅದರೊಳಗೆ ಐದು ರಿಮೋಟ್. ಟಿವಿಯದು, ಸೆಟ್‌ಟಾಪ್ ಬಾಕ್ಸಿನದು, ರೂಮಿನ ಎ.ಸಿ.ಯದು, ಹೊಸ ಫ್ಯಾನಿನದು, ಮತ್ತೆ ಯಾವುದರದು ಅಂತ ಯಾರಿಗೂ ಗೊತ್ತಿಲ್ಲದ, ಆದರೆ ಎಸೆಯೋಕೆ ಯಾರಿಗೂ ಧೈರ್ಯ ಬರದ ಇನ್ನೊಂದು. ಎಲ್ಲಕ್ಕೂ ಪ್ಲಾಸ್ಟಿಕ್ ಕವರು, ಅದರ ಮೇಲೊಂದು ರಬ್ಬರ್ ಬ್ಯಾಂಡು. ಬಾಕ್ಸಿನ ರಿಮೋಟಿನ ಬ್ಯಾಟರಿ ಮುಚ್ಚಳ ಕಳೆದು ವರ್ಷಗಳಾಗಿವೆ, ಗಾಯಕ್ಕೆ ಸುತ್ತುವ ಬಿಳಿ ಟೇಪು ಸುತ್ತಿದ್ದಾರೆ. ಅಮ್ಮ ಧಾರಾವಾಹಿ ನೋಡಬೇಕಾದರೆ ಮೊದಲು ಟಿವಿ ರಿಮೋಟು ಹುಡುಕಬೇಕು, ಆಮೇಲೆ ಬಾಕ್ಸಿನದು, ಸೌಂಡಿಗೆ ಮತ್ತೆ ಮೊದಲನೆಯದು. ಇಷ್ಟರಲ್ಲಿ ಧಾರಾವಾಹಿಯ ಅತ್ತೆ ಬೈದು ಮುಗಿಸಿರುತ್ತಾಳೆ.

2024ರ ಯುಗಾದಿಗೆ ಊರಿಗೆ ಹೋದಾಗ ಇದಕ್ಕೊಂದು ಪರಿಹಾರ ತಗೊಂಡು ಹೋಗಿದ್ದೆ. ಸ್ಮಾರ್ಟ್ ರಿಮೋಟ್. ಅಂಗೈಯಲ್ಲಿ ಹಿಡಿಸುವ ಕಪ್ಪು ಬಿಲ್ಲೆ, ನೋಡೋಕೆ ಬೂಟ್ ಪಾಲಿಷ್ ಡಬ್ಬಿ ಥರ. ವೈಫೈಗೆ ಜೋಡಿಸಿ ಶೋಕೇಸಿನ ಮೇಲಿಟ್ಟರೆ ಮನೆಯ ಎಲ್ಲ ರಿಮೋಟುಗಳ ಭಾಷೆಯನ್ನೂ ಅದೊಂದೇ ಆಡುತ್ತದೆ. ಫೋನಿನಲ್ಲಿ ಆ್ಯಪ್ ಹಾಕಿಕೊಂಡರಾಯಿತು. ಅದರ ಸಿಗ್ನಲ್ಲು ಗೋಡೆ ದಾಟುವುದಿಲ್ಲ, ಆದ್ದರಿಂದ ಎರಡು ತಂದಿದ್ದೆ, ಹಾಲಿಗೊಂದು, ರೂಮಿಗೊಂದು. ಅಮ್ಮನ ಫೋನಿನಲ್ಲಿ ‘ಟಿವಿ ನೋಡು’ ಅಂತ ಒಂದೇ ಬಟನ್ ಮಾಡಿಕೊಟ್ಟೆ. ಒತ್ತಿದರೆ ಟಿವಿ, ಬಾಕ್ಸು, ಅವಳ ಚಾನೆಲ್ಲು ಒಂದರ ಹಿಂದೊಂದು ಬರುತ್ತವೆ. ಅಮ್ಮ ಎರಡು ವಾರ ಅಕ್ಕಪಕ್ಕದವರಿಗೆಲ್ಲ ತೋರಿಸಿದಳು. ಮೂರನೇ ವಾರ ಮತ್ತೆ ಬುಟ್ಟಿಗೆ ಕೈ ಹಾಕಿದಳು. ಫೋನು ಚಾರ್ಜಿಗಿಟ್ಟಿರ್ತೀನಿ, ಪದೇ ಪದೇ ಯಾರು ಎದ್ದು ಹೋಗ್ತಾರೆ ಅಂತ ಅವಳ ವಾದ. ಅಪ್ಪ ಆ ಬಿಲ್ಲೆಯ ಕಡೆ ತಿರುಗಿಯೂ ನೋಡಲಿಲ್ಲ. ಹೀಗೆ ಅವರಿಗೆ ಅಂತ ತಂದದ್ದು ಕೊನೆಗೆ ಉಳಿದದ್ದು ನನ್ನ ಫೋನಿನಲ್ಲಿ, ಬೆಂಗಳೂರಿನಲ್ಲಿ.

ಅಲ್ಲಿಗೇ ಬಿಟ್ಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಆ ಬೇಸಿಗೆ ನೆನಪಿರಬಹುದು. ಬೆಂಗಳೂರಿನಲ್ಲೇ ನೀರಿಲ್ಲದೆ, ನಿದ್ದೆಯಿಲ್ಲದೆ ಒದ್ದಾಡಿದ್ದೆವು, ದಾವಣಗೆರೆಯಂತೂ ಕಾದ ಹಂಚು. ಏಪ್ರಿಲ್ ಮಧ್ಯದಲ್ಲಿ ಅಮ್ಮ ಫೋನ್ ಮಾಡಿ, “ನಿಮ್ಮಪ್ಪ ರಾತ್ರಿಯೆಲ್ಲ ಎ.ಸಿ. ಹಾಕ್ಕೊಂಡು ಮಲಗ್ತಾರೆ, ಬೆಳಗ್ಗೆ ಎದ್ದು ಕೆಮ್ಮೋಕೆ ಶುರು. ನಾನು ಹೇಳಿದ್ರೆ ಕೇಳ್ತಾರಾ?” ಅಂದಳು. ಜೊತೆಗೆ ಇನ್ನೊಂದು ದೂರು. ಚುನಾವಣೆ ಸಮಯ, ಅಪ್ಪ ರಾತ್ರಿ ಹನ್ನೊಂದೂವರೆವರೆಗೆ ನ್ಯೂಸ್ ಚಾನೆಲ್ಲುಗಳ ಕಿರುಚಾಟ ನೋಡ್ತಾರೆ, ಬಿಪಿ ಮಾತ್ರೆ ನುಂಗಿದವರು ಹಾಗೆ ಮಾಡಬಹುದಾ ಅಂತ. ನಾನು ಆಗ ಆಫೀಸಿನ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ನಿಂತಿದ್ದೆ. ಕಾಫಿ ಮುಗಿಯುವುದರೊಳಗೆ ಎರಡು ಶೆಡ್ಯೂಲ್ ಹಾಕಿದೆ. ರಾತ್ರಿ 10.30ಕ್ಕೆ ಟಿವಿ ಬಂದ್. ಬೆಳಗಿನ ಜಾವ 3ಕ್ಕೆ ಎ.ಸಿ. ಬಂದ್. ಅಮ್ಮನಿಗೆ, “ಆಯ್ತು ಬಿಡು, ನಾನು ನೋಡ್ಕೋತೀನಿ” ಅಂದೆ. ಹೇಗೆ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪನಿಗೆ ಹೇಳುವ ಪ್ರಶ್ನೆಯೇ ಬರಲಿಲ್ಲ, ಹೇಳಿದರೆ ಬೇಡ ಅಂತಾರೆ.

ಮುಂದಿನದು ಅರ್ಥವಾಗಬೇಕಾದರೆ ರಿಮೋಟ್ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳಬೇಕು. ರಿಮೋಟಿನ ಮೂತಿಯಲ್ಲಿರುವ ಪುಟ್ಟ ಬಲ್ಬು ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಚಿಮ್ಮಿಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 38 ಸಾವಿರ ಸಲ ಮಿನುಗುವ ಬೆಳಕು ಅದು, ಅದನ್ನು ತಡೆದು ತಡೆದು ಕಳಿಸುವ ಕ್ರಮದಲ್ಲೇ ಸಂಕೇತ ಇರುತ್ತದೆ. ಫೋನ್ ಕ್ಯಾಮೆರಾ ಎದುರು ರಿಮೋಟ್ ಹಿಡಿದು ಬಟನ್ ಒತ್ತಿ ನೋಡಿ, ಹಲವು ಫೋನುಗಳಲ್ಲಿ ನೇರಳೆ ಬಣ್ಣದ ಮಿಣಿಮಿಣಿ ಕಾಣುತ್ತದೆ. ಮುಖ್ಯ ವಿಷಯ ಏನೆಂದರೆ ಈ ಮಾತುಕತೆ ಒಂದೇ ದಿಕ್ಕಿನದು. ರಿಮೋಟ್ ಹೇಳುತ್ತದೆ, ಟಿವಿ ಕೇಳುತ್ತದೆ. ‘ಆಯ್ತು, ಆಫ್ ಆದೆ’ ಅಂತ ಟಿವಿ ತಿರುಗಿ ಹೇಳುವುದಿಲ್ಲ. ಕೈಯಲ್ಲಿ ರಿಮೋಟ್ ಹಿಡಿದವರಿಗೆ ಇದರಿಂದ ತೊಂದರೆಯಿಲ್ಲ, ಅವರು ಎದುರಿಗೇ ಇರುತ್ತಾರೆ, ಕಣ್ಣಲ್ಲಿ ನೋಡುತ್ತಾರೆ. ನನ್ನ ಬಿಲ್ಲೆ ನೋಡಲಾರದು. ಆ್ಯಪ್‌ನಲ್ಲಿ ‘ಎ.ಸಿ. ಆಫ್’ ಅಂತ ಕಂಡರೆ ಅದರರ್ಥ ಎ.ಸಿ. ಆಫ್ ಆಗಿದೆ ಅಂತಲ್ಲ. ಆಫ್ ಆಗು ಅಂತ ಹೇಳಿ ಆಗಿದೆ ಅಂತ, ಅಷ್ಟೆ.

ಟಿವಿಗೆ ಇನ್ನೊಂದು ಗುಣವಿದೆ. ಬಹಳಷ್ಟು ಟಿವಿಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಸಂಕೇತ. ಹತ್ತಿದ್ದರೆ ಆರುತ್ತದೆ, ಆರಿದ್ದರೆ ಹತ್ತುತ್ತದೆ. ಅಪ್ಪ ಹತ್ತೂವರೆಗೆ ಟಿವಿ ಮುಂದೆ ಕೂತಿದ್ದರೆ ನನ್ನ ಶೆಡ್ಯೂಲ್ ಅದನ್ನು ಆರಿಸುತ್ತಿತ್ತು. ಅವರು ಬೇಗ ಸುಸ್ತಾಗಿ ಹತ್ತಕ್ಕೇ ಆರಿಸಿ ಮಲಗಿದ್ದರೆ? ಹತ್ತೂವರೆಗೆ ಕತ್ತಲೆ ಹಾಲಿನಲ್ಲಿ ಟಿವಿ ತಾನಾಗಿಯೇ ಹತ್ತಿಕೊಂಡು ನ್ಯೂಸ್ ಆ್ಯಂಕರ್ ಖಾಲಿ ಸೋಫಾಗಳಿಗೆ ಕಿರುಚುತ್ತಿದ್ದ.

ಎ.ಸಿ.ಯ ಕತೆ ಬೇರೆ. ಅದರ ರಿಮೋಟಿಗೆ ಪರದೆ ಇದೆ, ಏನೇನು ಹೇಳಿದ್ದೇನೆ ಅಂತ ಅದೇ ನೆನಪಿಟ್ಟುಕೊಳ್ಳುತ್ತದೆ. ಮೂರು ಗಂಟೆಗೆ ನನ್ನ ಬಿಲ್ಲೆ ಎ.ಸಿ. ಆರಿಸುತ್ತಿತ್ತು. ಆದರೆ ಅಪ್ಪನ ತಲೆದಿಂಬಿನ ಪಕ್ಕದ ರಿಮೋಟಿನ ಲೆಕ್ಕದಲ್ಲಿ ಅದಿನ್ನೂ ಆನ್, 24 ಡಿಗ್ರಿ. ಮೂರೂವರೆಗೆ ಬೆವರಿ ಎದ್ದು ಅಪ್ಪ ಬಟನ್ ಒತ್ತಿದರೆ ರಿಮೋಟು, ಓಹೋ ಆರಿಸಬೇಕಂತೆ ಅಂದುಕೊಂಡು ‘ಆಫ್’ ಕಳಿಸುತ್ತಿತ್ತು. ಎ.ಸಿ. ಟಿಣ್ ಅನ್ನುತ್ತಿತ್ತು, ಬರುತ್ತಿರಲಿಲ್ಲ. ಸದ್ದು ಬಂತಲ್ಲ, ಬರುತ್ತೆ ಅಂತ ಅವರು ಮಲಗುತ್ತಿದ್ದರು. ಹತ್ತು ನಿಮಿಷವಾದ ಮೇಲೆ ಮತ್ತೆ ಒತ್ತಿದರೆ ಆಗ ಬರುತ್ತಿತ್ತು.

ಒಬ್ಬ ಎ.ಸಿ. ಮೆಕ್ಯಾನಿಕ್ ಬಂದು ನೋಡಿ, ಗ್ಯಾಸ್ ಸರಿಯಾಗಿದೆ ಸಾರ್, ಫಿಲ್ಟರ್ ಕ್ಲೀನ್ ಮಾಡಿದೀನಿ ಅಂತ ಐನೂರು ರೂಪಾಯಿ ತಗೊಂಡು ಹೋದನಂತೆ. ರಿಮೋಟಿಗೆ ಹೊಸ ಸೆಲ್ ಹಾಕಿದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಮೇ ಕೊನೆಯಲ್ಲಿ ಊರಿಗೆ ಹೋದಾಗ. ಅಷ್ಟು ಹೊತ್ತಿಗೆ ಶೆಡ್ಯೂಲ್ ಹಾಕಿದ್ದೇ ನನಗೆ ಮರೆತುಹೋಗಿತ್ತು.

ನಮ್ಮಪ್ಪ ಕೆಇಬಿಯಲ್ಲಿ ಸಬ್‌ಸ್ಟೇಷನ್ ಆಪರೇಟರ್ ಆಗಿದ್ದವರು. ಆ ಸಂಸ್ಥೆಯ ಹೆಸರು ಬದಲಾಗಿ ಕಾಲು ಶತಮಾನ ಆಯಿತು, ದಾವಣಗೆರೆಗೆ ಈಗ ಬೆಸ್ಕಾಂ ಕರೆಂಟು, ಆದರೂ ನಮ್ಮನೆಯಲ್ಲಿ ಎಲ್ಲರ ಬಾಯಲ್ಲೂ ಕೆಇಬಿಯೇ. ಸಬ್‌ಸ್ಟೇಷನ್ನಿನಲ್ಲಿ ಲಾಗ್ ಪುಸ್ತಕ ಅಂತ ಇರುತ್ತದೆ. ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಬರೆಯಬೇಕು, ಯಾವ ಲೈನ್ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಯಾರು ಹೇಳಿದರು, ಎಲ್ಲ ಬರೆಯಬೇಕು. ನಿವೃತ್ತರಾದ ಮೇಲೂ ಅವರಿಗೆ ಆ ಅಭ್ಯಾಸ ಹೋಗಿಲ್ಲ. ಗ್ಯಾಸ್ ಸಿಲಿಂಡರ್ ಬಂದ ತಾರೀಖು, ನಲ್ಲಿ ನೀರು ಬಂದ ಹೊತ್ತು ಎಲ್ಲ ಅಡುಗೆಮನೆ ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತದೆ.

ಆ ಸಲ ಹೋದಾಗ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಬೇರೆ ಬರಹ ಕಾಣಿಸಿತು. ‘10.05 ಟಿವಿ ಆಫ್ ಮಾಡಿದೆ. 10.30 ಆನ್ ಇದೆ.’ ಎರಡು ದಿನ ಬಿಟ್ಟು ಮತ್ತೆ ಅದೇ. ‘3.40 ಎ.ಸಿ. ಆಫ್. ನಾನು?’ ಮೇ ತಿಂಗಳ ಕೆಳಗಿನ ಸಾಲಿನಲ್ಲಿ, ಒಂದು ಮನೆಯೊಳಗೆ, ಹೊತ್ತೂ ಇಲ್ಲ, ಟಿವಿ ಅಂತಲೂ ಇಲ್ಲ, ಬರೇ ಒಂದು ಪ್ರಶ್ನೆ ಚಿಹ್ನೆ.

ಅಮ್ಮ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. “ಡಾಕ್ಟರ ಹತ್ರ ಹೋಗಿ ಬರೋಣ ಅಂತಿದಾರೆ ಕಣೆ. ಮರೆವು ಶುರುವಾಗಿದೆ ಅಂತ ಅವರಿಗೆ. ನಿಂಗೆ ಹೇಳ್ಬೇಡ ಅಂದಿದ್ರು.” ನಮ್ಮ ದೊಡ್ಡಪ್ಪ ಕೊನೆಯ ನಾಲ್ಕು ವರ್ಷ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಸ್ವಂತ ಮನೆಯಲ್ಲೇ ಕೂತು, ಮನೆಗೆ ಕರ್ಕೊಂಡು ಹೋಗಿ ಅನ್ನುತ್ತಿದ್ದರು. ಅಪ್ಪ ಅದನ್ನು ಹತ್ತಿರದಿಂದ ನೋಡಿದವರು.

ಪರದೆ ಮೇಲಿನ ಎರಡು ಸಾಲು ಶೆಡ್ಯೂಲನ್ನು ಅಳಿಸೋಕೆ ಐದು ಸೆಕೆಂಡೂ ಬೇಕಾಗಲಿಲ್ಲ. ಆದರೆ ಆಗ ಅಪ್ಪನ ಹತ್ತಿರ ಹೋಗಿ ಹೇಳಲಿಲ್ಲ. ಇಡೀ ಮಧ್ಯಾಹ್ನ ಹೇಳಲಿಲ್ಲ. ಮೊದಲು ನನಗೆ ನಾನೇ ಒಂದಷ್ಟು ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ.

ಮೊದಲನೆಯ ಸಮಜಾಯಿಷಿ ಎಲ್ಲರಿಗೂ ಬರುವಂಥದ್ದೇ, ಒಳ್ಳೆಯದಕ್ಕೇ ಮಾಡಿದ್ದು. ಸುಳ್ಳಲ್ಲ. ಕೆಮ್ಮು ನಿಜ, ಬಿಪಿಯೂ ನಿಜ. ಎರಡನೆಯದು, ನಾನೇನೂ ಸುಳ್ಳು ಹೇಳಲಿಲ್ಲವಲ್ಲ. ಅದೂ ನಿಜ. ನಾನು ಹೇಳಲಿಲ್ಲ, ನನ್ನ ಪರವಾಗಿ ಟಿವಿ ಹೇಳಿತು. ನೀನು ನನ್ನನ್ನು ಆರಿಸಿಯೇ ಇರಲಿಲ್ಲ ಅಂತ ಕತ್ತಲೆಯಲ್ಲಿ ಹತ್ತಿಕೊಂಡು ಹೇಳಿತು. ಮೂರನೆಯದು, ಅವರಿಗೆ ಹೀಗಾಗುತ್ತದೆ ಅಂತ ಗೊತ್ತಿರಲಿಲ್ಲ. ಇದು ಸ್ವಲ್ಪ ಗಟ್ಟಿ ಅನ್ನಿಸಿತ್ತು. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಹತ್ತು ವರ್ಷ ದುಡಿದವಳಿಗೆ ಒಂದೇ ಸಂಕೇತದಿಂದ ಆನೂ ಆಫೂ ಆಗುವ ವಸ್ತುವಿಗೆ ಶೆಡ್ಯೂಲ್ ಹಾಕಿದರೆ ಏನಾಗುತ್ತದೆ ಅಂತ ಹೊಳೆಯಲಿಲ್ಲ ಅಂದರೆ, ಹೊಳೆಯುವಷ್ಟು ಹೊತ್ತು ಯೋಚಿಸಲಿಲ್ಲ ಅಂತಲೇ ಅರ್ಥ. ಕಂಪನಿಯ ಆ್ಯಪ್ ಆಗಿದ್ದರೆ ನಲವತ್ತು ಟೆಸ್ಟ್ ಕೇಸ್ ಬರೆಯುತ್ತಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಇದ್ಯಾವುದೂ ಅಲ್ಲ, ‘ಹೇಳಿದರೆ ಬೇಡ ಅಂತಾರೆ’ ಎನ್ನುವ ಆ ಒಂದು ವಾಕ್ಯ. ನಾವೆಲ್ಲ ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಅಮ್ಮನಿಗೆ ಸೀರೆಯ ನಿಜವಾದ ಬೆಲೆ ಹೇಳಿದರೆ ಬೇಡ ಅಂತಾಳೆ, ಅದಕ್ಕೇ ಹೇಳಲ್ಲ. ಆದರೆ ಈ ವಾಕ್ಯವನ್ನು ನಿಧಾನವಾಗಿ ಓದಿ ನೋಡಿ. ಅಪ್ಪನನ್ನು ಕೇಳಲು ಮರೆತೆ ಅಂತ ಅದು ಹೇಳುತ್ತಿಲ್ಲ. ಅವರ ಉತ್ತರ ನನಗೆ ಮೊದಲೇ ಗೊತ್ತಿತ್ತು ಅಂತ ಹೇಳುತ್ತಿದೆ. ಅವರದು ‘ಬೇಡ’. ಆ ಬೇಡವನ್ನು ಕೇಳಿಸಿಕೊಳ್ಳದೇ ಇರೋದಕ್ಕೆ ನಾನು ಕೇಳದೇ ಇದ್ದೆ. ರಿಮೋಟಿನ ಥರವೇ, ನನ್ನ ಕಡೆಯಿಂದ ಮಾತ್ರ ಸಿಗ್ನಲ್ಲು.

ಇಲ್ಲೊಂದು ವಿಚಿತ್ರವಿದೆ. ರಿಮೋಟ್ ಹುಟ್ಟಿದ್ದು ಕೂತವನಿಗೆ ಅಧಿಕಾರ ಕೊಡೋಕೆ. ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ತಂದ ಮೊದಲ ಟಿವಿ ರಿಮೋಟಿಗೆ ಉದ್ದನೆಯ ವೈರ್ ಇತ್ತು, ಜನ ಅದಕ್ಕೆ ಕಾಲು ತೊಡರಿಸಿಕೊಂಡು ಬೀಳುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ವೈರ್ ಇಲ್ಲದ್ದು ಮಾಡಿದರು. ಟಾರ್ಚಿನ ಹಾಗೆ ಟಿವಿಯ ಮೂಲೆಗೆ ಬೆಳಕು ಬಿಡಬೇಕು. ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು ಅನ್ನೋದು ಅದರ ಸಮಸ್ಯೆ. ಮರುವರ್ಷ ರಾಬರ್ಟ್ ಆ್ಯಡ್ಲರ್ ಬೆಳಕು ಬಿಟ್ಟು ನಮಗೆ ಕೇಳಿಸದ ಶಬ್ದದಿಂದ ಕೆಲಸ ಮಾಡುವ ರಿಮೋಟ್ ಮಾಡಿದರು. ಇದೆಲ್ಲದರ ಹಿಂದೆ ಒಂದು ಸಿಟ್ಟಿತ್ತು. ಆ ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್‌ಗೆ ಜಾಹೀರಾತು ಕಂಡರೆ ಆಗುತ್ತಿರಲಿಲ್ಲ. ನೋಡುವವನು ಕುರ್ಚಿ ಬಿಟ್ಟು ಏಳದೆ ಜಾಹೀರಾತಿನ ಬಾಯಿ ಮುಚ್ಚಿಸಬೇಕು ಅನ್ನೋದು ಆತನ ಆಸೆ. ದೂರದಲ್ಲೆಲ್ಲೋ ಕೂತು ನನ್ನ ಹಾಲಿನಲ್ಲಿ ಮಾತಾಡುವವನನ್ನು ನಾನು ಸುಮ್ಮನಾಗಿಸುತ್ತೇನೆ ಅನ್ನುವ ಛಲ ಅದು. ಎಪ್ಪತ್ತು ವರ್ಷದಲ್ಲಿ ಅದೇ ವಸ್ತು ತಿರುವುಮುರುವಾಗಿ, ದೂರದಲ್ಲಿ ಕೂತ ನಾನು ಕುರ್ಚಿಯಲ್ಲಿ ಕೂತ ಅಪ್ಪನನ್ನು ಏಳಿಸುತ್ತಿದ್ದೆ.

ನನಗೆ ನನ್ನ ಎಸ್ಸೆಸ್ಸೆಲ್ಸಿ ವರ್ಷ ನೆನಪಾಯಿತು. ಡಿಸೆಂಬರಿನಲ್ಲಿ ಒಂದು ಸಂಜೆ ಸ್ಕೂಲಿಂದ ಬಂದರೆ ಅಪ್ಪ ಟಿವಿಯ ಹಿಂದೆ ಬಗ್ಗಿ ಕೇಬಲ್ ವೈರನ್ನು ಬಿಚ್ಚುತ್ತಿದ್ದರು. ಸುರುಳಿ ಸುತ್ತಿ, ಬೀರುವಿನಲ್ಲಿಟ್ಟು, ಬೀಗ ಹಾಕಿ, ಪರೀಕ್ಷೆ ಮುಗಿದ ಮೇಲೆ ಅಂದರು. ನಾನು ಊಟ ಬಿಟ್ಟೆ. ವಾರಗಟ್ಟಲೆ ಮಾತು ಬಿಟ್ಟೆ. ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿ ಬೈಸಿಕೊಂಡೆ. ಕೊನೆಗೆ ಅಮ್ಮನ ಮಧ್ಯಸ್ಥಿಕೆಯಲ್ಲಿ ಭಾನುವಾರ ಸಂಜೆ ಒಂದು ಸಿನಿಮಾಕ್ಕೆ ವೈರ್ ಹೊರಬರುವುದೆಂದು ಒಪ್ಪಂದವಾಯಿತು. ಸಿನಿಮಾ ಮುಗಿದ ತಕ್ಷಣ ವೈರು ಬೀರುವಿಗೆ.

ಅಪ್ಪ ಮಾಡಿದ್ದೂ ಬಲವಂತವೇ. ನನ್ನನ್ನು ಕೇಳಿ ಮಾಡಿದ್ದಲ್ಲ. ಅದು ಸರಿ ಅಂತ ಇವತ್ತಿಗೂ ನನಗೆ ಅನ್ನಿಸಿಲ್ಲ, ಬಂದ ಮಾರ್ಕ್ಸಿಗೂ ಆ ವೈರಿಗೂ ಸಂಬಂಧವೂ ಇಲ್ಲ. ಆದರೆ ವೈರು ಅವರ ಕೈಯಲ್ಲಿ ನನಗೆ ಕಾಣುತ್ತಿತ್ತು. ಯಾರ ಮೇಲೆ ಸಿಟ್ಟಾಗಬೇಕು ಅಂತ ಗೊತ್ತಿತ್ತು. ಜಗಳ ಆಡಲು ಎದುರಿಗೊಂದು ಮುಖವಿತ್ತು, ಜಗಳದಿಂದ ಒಂದು ಭಾನುವಾರವಾದರೂ ಗಿಟ್ಟಿತು. ನಾನು ಅಪ್ಪನಿಗೆ ಆ ಅವಕಾಶವನ್ನೂ ಕೊಡಲಿಲ್ಲ. ಅವರಿಗೆ ಸಿಕ್ಕಿದ್ದು ಮೆಕ್ಯಾನಿಕ್ಕು, ಹೊಸ ಸೆಲ್ಲು, ಆಮೇಲೆ ಅವರದೇ ತಲೆ.

ಫಿಲಿಪ್ ಪೆಟ್ಟಿಟ್ ಅಂತ ಒಬ್ಬ ಐರಿಷ್ ತತ್ತ್ವಶಾಸ್ತ್ರಜ್ಞ ಇದ್ದಾರೆ. 1997ರಲ್ಲಿ ‘ರಿಪಬ್ಲಿಕನಿಸಂ’ ಅಂತ ಪುಸ್ತಕ ಬರೆದರು. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಬ್ಬ ಜೀತದಾಳಿಗೆ ತುಂಬ ಒಳ್ಳೆಯ ಯಜಮಾನ ಸಿಕ್ಕಿದ್ದಾನೆ ಅಂದುಕೊಳ್ಳಿ. ಹೊಡೆಯಲ್ಲ, ಬೈಯಲ್ಲ, ಯಾವುದಕ್ಕೂ ಅಡ್ಡ ಬರಲ್ಲ. ಹಾಗಾದರೆ ಆಳು ಸ್ವತಂತ್ರನಾ? ಅಲ್ಲ. ಯಜಮಾನ ಮನಸ್ಸು ಮಾಡಿದರೆ ನಾಳೆಯೇ ಅಡ್ಡ ಬರಬಹುದು, ಯಾರೂ ಕೇಳುವವರಿಲ್ಲ. ಯಾರಾದರೂ ಅಡ್ಡ ಬಂದರೋ ಇಲ್ಲವೋ ಅನ್ನುವುದಷ್ಟೇ ಅಲ್ಲ, ತಮ್ಮಿಷ್ಟದಂತೆ ಅಡ್ಡ ಬರುವ ಶಕ್ತಿ ಯಾರ ಕೈಯಲ್ಲಾದರೂ ಇದೆಯೋ ಅನ್ನುವುದು ಮುಖ್ಯ. ಈ ವಾದವನ್ನು ಓದಿದಾಗಲೆಲ್ಲ ನನ್ನನ್ನು ಆಳಿನ ಜಾಗದಲ್ಲೇ ಇಟ್ಟುಕೊಂಡು ಓದಿದ್ದೆ, ಯಜಮಾನನ ಜಾಗದಲ್ಲಿ ನನ್ನ ಮ್ಯಾನೇಜರ್ ಇರುತ್ತಿದ್ದ. ಒಳ್ಳೆಯ ಯಜಮಾನ ನಾನೇ ಆಗಿರಬಹುದು ಅನ್ನೋದು ಹೊಳೆದದ್ದು ಆ ಮಧ್ಯಾಹ್ನ. ಅಲ್ಲದೆ ಪೆಟ್ಟಿಟ್ಟರ ಆಳಿಗೆ ತನಗೊಬ್ಬ ಯಜಮಾನ ಇದ್ದಾನೆ ಅನ್ನೋದಾದರೂ ಗೊತ್ತು.

ಇದನ್ನು ಆಫೀಸಿನ ಒಬ್ಬ ಗೆಳತಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. ಅವಳ ಮಾವನಿಗೆ ನಿಜವಾಗಲೂ ಮರೆವು. ಗೀಸರ್ ಹಾಕಿ ಮರೆಯುತ್ತಾರೆ, ಒಂದು ಸಲ ಇಡೀ ಹಗಲು ಉರಿದಿದೆ. ಅವಳು ಗೀಸರಿಗೆ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ ಹಾಕಿ, ಅರ್ಧ ಗಂಟೆಗೆ ತಾನೇ ಆಫ್ ಆಗುವಂತೆ ಮಾಡಿದ್ದಾಳೆ. “ಅವರನ್ನ ಕೇಳ್ಕೊಂಡು ಕೂತಿದ್ರೆ ಮನೆ ಸುಟ್ಟು ಹೋಗಿರೋದು. ನಿಂಗೆ ಫಿಲಾಸಫಿ ಓದೋಕೆ ಟೈಮಿದೆ” ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಬೆಂಕಿ, ಗ್ಯಾಸು, ನೀರಿನ ವಿಷಯದಲ್ಲಿ ಅವಳು ಹೇಳುವುದು ಸರಿ. ಆದರೆ ಅವಳ ಮಾವನಿಗೆ ಆ ಪ್ಲಗ್ ಅರ್ಧ ಗಂಟೆಗೆ ನಿಲ್ಲುತ್ತದೆ ಅಂತ ಗೊತ್ತು, ಮರೆತರೂ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ. ದಿನಾ ಒಂದೇ ಥರ ನಿಲ್ಲುತ್ತದೆ. ಮರೆವು ಶುರುವಾದವರಿಗೆ ಮನೆಯಾದರೂ ಹೇಳಿದಂತೆ ಕೇಳಬೇಕು, ನಿನ್ನೆಯ ಹಾಗೇ ಇವತ್ತೂ ಇರಬೇಕು. ನಾನು ಮಾಡಿದ್ದು ಸರಿಯಾಗಿ ನೆನಪಿರುವವರ ಮನೆಯನ್ನು ದಿನಕ್ಕೊಂದು ಥರ ಆಡುವ ಹಾಗೆ. ಅಲ್ಲದೆ ಟಿವಿ ಬೆಂಕಿಯಲ್ಲ. ನಿಜ ಹೇಳಬೇಕೆಂದರೆ, ನಾನು ಆ ಹಾಲಿನಲ್ಲೇ ಪಕ್ಕದ ಸೋಫಾದಲ್ಲಿ ಕೂತಿದ್ದರೆ, ಹತ್ತೂವರೆಗೆ ಎದ್ದು ಹೋಗಿ ಅಪ್ಪನ ಕೈಯಿಂದ ರಿಮೋಟ್ ಕಸಿದುಕೊಳ್ಳುತ್ತಿದ್ದೆನಾ? ಆ ಧೈರ್ಯ ನನಗೆ ಇನ್ನೂರೈವತ್ತು ಕಿಲೋಮೀಟರ್ ದೂರದಿಂದ ಮಾತ್ರ ಬರುತ್ತದೆ.

ಬೆಂಗಳೂರಿಗೆ ಬಂದ ಮೇಲೆ ನನ್ನ ಮನೆಯನ್ನೂ ಸ್ವಲ್ಪ ಬೇರೆ ಕಣ್ಣಿಂದ ನೋಡಿದೆ. ನಮ್ಮ ಆ್ಯಪ್‌ನಲ್ಲಿ ನಾನು ‘ಓನರ್’, ನನ್ನ ಗಂಡ ‘ಮೆಂಬರ್’. ಸೆಟಪ್ ಮಾಡಿದ ದಿನ ಅವನು ಟ್ರಾಫಿಕ್ಕಿನಲ್ಲಿದ್ದ ಅನ್ನುವುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣವಿಲ್ಲ. ಅಡುಗೆಗೆ ಬರುವ ಅಕ್ಕ ಓನರೂ ಅಲ್ಲ, ಮೆಂಬರೂ ಅಲ್ಲ. ಅಡುಗೆಮನೆ ಫ್ಯಾನಿನ ರಿಮೋಟನ್ನು ನಾವು ಎಂದೋ ಡ್ರಾಯರಿಗೆ ಹಾಕಿ ಮರೆತಿದ್ದೆವು. ಒಂದು ವರ್ಷ ಅವರು ಸೆರಗಿನಲ್ಲಿ ಗಾಳಿ ಹಾಕಿಕೊಂಡು ಚಪಾತಿ ಬೇಯಿಸಿದ್ದಾರೆ, ನಾವು ಕೇಳಿಲ್ಲ. ಬೇರೆ ಕಡೆ ಇದು ಇದಕ್ಕಿಂತ ಕೆಟ್ಟದಾಗಿದೆ. 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತ್ತು. ಮನೆ ಬಿಟ್ಟು ಹೋದ ಗಂಡಸರು ಅದೇ ಆ್ಯಪ್‌ಗಳಿಂದ ಹೆಂಡತಿಯ ಮನೆಯ ದೀಪ, ಎ.ಸಿ., ಬಾಗಿಲ ಬೀಗವನ್ನು ಆಡಿಸಿ ಹೆದರಿಸುತ್ತಿದ್ದ ಪ್ರಕರಣಗಳು. ತಮಗೆ ಹುಚ್ಚು ಹಿಡಿಯುತ್ತಿದೆಯೇನೋ ಅನ್ನಿಸಿತ್ತು ಅಂತ ಹೇಳಿಕೊಂಡ ಹೆಂಗಸರು ಅದರಲ್ಲಿದ್ದರು. ಅವರದು ಕ್ರೌರ್ಯ, ನನ್ನದು ಪ್ರೀತಿ. ಆದರೂ ಪೆನ್ಸಿಲಿನ ಆ ‘ನಾನು?’ ನೆನಪಾಗಿ ನನಗೆ ಆ ವರದಿಯನ್ನು ಕೊನೆವರೆಗೆ ಓದಲಾಗಲಿಲ್ಲ.

ಓನರ್ ಅನ್ನಿಸಿಕೊಂಡ ನನಗೂ ಮೇಲೊಬ್ಬ ಓನರ್ ಇದ್ದಾನೆ ಅನ್ನೋದು ಇನ್ನೊಂದು ಮಾತು. ರಿವಾಲ್ವ್ ಅನ್ನುವ ಸ್ಮಾರ್ಟ್ ಹಬ್ಬನ್ನು ಮಾಡಿದ ಕಂಪನಿಯನ್ನು ಕೊಂಡುಕೊಂಡ ನೆಸ್ಟ್, 2016ರ ಮೇನಲ್ಲಿ ಅದರ ಸರ್ವರ್ ನಿಲ್ಲಿಸಿತು, ಜನ ದುಡ್ಡು ಕೊಟ್ಟು ತಂದಿದ್ದ ಡಬ್ಬಿ ಒಂದೇ ದಿನಕ್ಕೆ ಬರೀ ಪ್ಲಾಸ್ಟಿಕ್ ಆಯಿತು. 2021ರ ಬೇಸಿಗೆಯಲ್ಲಿ ಟೆಕ್ಸಾಸಿನ ಕೆಲವರು ಮಧ್ಯಾಹ್ನ ಮಲಗಿ ಎದ್ದರೆ ಮನೆಯೆಲ್ಲ ಬೆವರು. ಕರೆಂಟಿನ ಒತ್ತಡ ತಗ್ಗಿಸಲು ಅವರ ಥರ್ಮೋಸ್ಟಾಟನ್ನು ದೂರದಿಂದಲೇ ಏರಿಸಲಾಗಿತ್ತು. ಬಹುಮಾನದ ಆಸೆಗೆ ಸೇರಿದ್ದ ಒಂದು ಯೋಜನೆಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದ್ದೇವೆ ಅನ್ನೋದು ಹಲವರಿಗೆ ಆಮೇಲೆ ತಿಳಿಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಅಪ್ಪನಿಗೆ ಆ ಸಣ್ಣಕ್ಷರದ ಒಪ್ಪಿಗೆಯನ್ನೂ ಕೇಳಿರಲಿಲ್ಲ.

ಅಪ್ಪನಿಗೆ ಹೇಳಿದ್ದು ಅದೇ ದಿನ ಸಂಜೆ. ಅವರು ಜಗಲಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ನಾನು ಫೋನ್ ತೆಗೆದು ತೋರಿಸಿ ಹೇಳಿದೆ. ಟಿವಿ, ಮೂರು ಗಂಟೆ, ಎಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಮಂಡಕ್ಕಿಯ ತಟ್ಟೆ ಕೆಳಗಿಟ್ಟು ತುಂಬ ಹೊತ್ತು ರಸ್ತೆ ನೋಡಿದರು.

“ಹಂಗಾದ್ರೆ ಹತ್ತು ಗಂಟೆಗೆ ಟಿವಿ ಆರಿಸಿದ್ದು ನಾನೇ.”

“ಹೌದಪ್ಪ.”

“ಎಲ್ಲಾ ದಿನಾನೂ?”

“ನೀವು ಬರೆದಿರೋ ಎಲ್ಲಾ ದಿನಾನೂ.”

ಎದ್ದು ಒಳಗೆ ಹೋದರು. ಕ್ಯಾಲೆಂಡರಿನ ಮುಂದೆ ಕನ್ನಡಕ ಹಾಕಿಕೊಂಡು ನಿಂತು, ಪ್ರಶ್ನೆ ಚಿಹ್ನೆಗಳನ್ನು ಒಂದೊಂದಾಗಿ ರಬ್ಬರಿನಲ್ಲಿ ಅಳಿಸಿದರು. ಟೈಮುಗಳನ್ನು ಅಳಿಸಲಿಲ್ಲ.

ಸಿಟ್ಟು ಬಂದದ್ದು ಮಾರನೇ ದಿನ ಬೆಳಗ್ಗೆ, ಕಾಫಿ ಹೊತ್ತಿಗೆ. ಅದೂ ಜೋರಾಗಿ ಅಲ್ಲ. ಅವರ ಕಾಲದ ಒಂದು ನಿಯಮ ಹೇಳಿದರು. ಲೈನಿನ ಕೆಲಸಕ್ಕೆ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತಗೋಬೇಕು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಆಪರೇಟರ್ ಲೈನ್ ಆಫ್ ಮಾಡಿ, ಪುಸ್ತಕದಲ್ಲಿ ಬರೆದು, ಎಲ್‌ಸಿ ಕೊಡುತ್ತಾನೆ. ಅಲ್ಲಿಂದ ಆಚೆಗೆ ಆ ಲೈನು ಎಲ್‌ಸಿ ತಗೊಂಡವನದು. ಅವನು ಕೆಲಸ ಮುಗಿಸಿ ಎಲ್‌ಸಿ ವಾಪಸ್ ಕೊಡುವವರೆಗೆ ಆಪರೇಟರ್ ಸ್ವಿಚ್ ಮುಟ್ಟುವ ಹಾಗಿಲ್ಲ. ಇಡೀ ಊರು ಕತ್ತಲಲ್ಲಿ ಕೂತು ಫೋನ್ ಮಾಡಿ ಬೈಯಲಿ, ಎಂಎಲ್ಎ ಮನೆಯಿಂದ ಫೋನ್ ಬರಲಿ, ಮುಟ್ಟುವ ಹಾಗಿಲ್ಲ. ಯಾಕೆಂದರೆ ಸ್ವಿಚ್ ಇರುವ ಕಡೆಯಿಂದ ಕಂಬ ಕಾಣಿಸಲ್ಲ.

“ಕಂಬದ ಮೇಲೆ ಯಾರಿದಾನೆ ಅಂತ ನೋಡ್ದೆ ಸ್ವಿಚ್ಚಿಗೆ ಕೈ ಹಾಕಿದೀಯ ನೀನು” ಅಂದರು. ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ಅವರು ಯಾರಿಗಾದರೂ ಹೇಳಿರಬಹುದಾದ ಅತಿ ಕೆಟ್ಟ ಬೈಗುಳ ಅದೇ ಅಂತ ಕಾಣುತ್ತದೆ.

ಬಿಲ್ಲೆಗಳನ್ನು ಕಿತ್ತುಕೊಂಡು ಹೋಗ್ತೀನಿ ಅಂದೆ. ಬೇಡ, ಇರಲಿ ಅಂದರು. ಆ್ಯಪ್ ತಮ್ಮ ಫೋನಿಗೆ ಹಾಕಿಸಿಕೊಂಡರು, ಓನರ್ ಅನ್ನುವ ಪದ ತಮ್ಮ ಹೆಸರಿನ ಪಕ್ಕ ಬರುವವರೆಗೆ ಬಿಡಲಿಲ್ಲ. ನನ್ನನ್ನು ಮೆಂಬರ್ ಆಗಿಯೂ ಇಟ್ಟುಕೊಳ್ಳಲಿಲ್ಲ. ನಾಲ್ಕು ಗಂಟೆಗೆ ಎ.ಸಿ. ಬಂದ್ ಆಗುವ ಹಾಗೆ ತಾವೇ ಶೆಡ್ಯೂಲ್ ಹಾಕುವುದನ್ನು ಕಲಿತರು. ಮೂರಲ್ಲ, ನಾಲ್ಕು. ಕೆಮ್ಮು ಇನ್ನೂ ಇದೆ, ಅಮ್ಮ ಇನ್ನೂ ಫೋನ್ ಮಾಡ್ತಾಳೆ. ನಾನು ಈಗ ಅಪ್ಪನಿಗೆ ಫೋನ್ ಕೊಡು ಅನ್ನುತ್ತೇನೆ. ಕೊಟ್ಟರೆ, ಹತ್ತರಲ್ಲಿ ಎಂಟು ಸಲ ಅವರು ‘ಬೇಡ’ ಅನ್ನುತ್ತಾರೆ.

ಹೊರಡುವ ದಿನ ಬ್ಯಾಗು ತುಂಬುತ್ತಿದ್ದಾಗ ಬಾಗಿಲ ಹತ್ತಿರ ಬಂದು ನಿಂತರು. “ನಿಮ್ಮನೇಲೂ ಇದೇ ಐತಲ್ಲ?”

“ಹ್ಞೂಂ ಅಪ್ಪ.”

“ರಾತ್ರಿ ಎರಡು ಗಂಟೆ ತನಕ ಏನೋ ನೋಡ್ತಾ ಕೂತಿರ್ತೀರ ಇಬ್ಬರೂ. ಅದನ್ನ ನನ್ನ ಫೋನಿಗೂ ಹಾಕಿಕೊಡೋಕಾಗುತ್ತಾ?”

ನಗುತ್ತಿದ್ದಾರಾ ಅಂತ ಮುಖ ನೋಡಿದೆ. ನಗುತ್ತಿರಲಿಲ್ಲ. ಬ್ಯಾಗಿನ ಜಿಪ್ ಎಳೆಯುತ್ತಾ, ನೋಡೋಣ ಅಪ್ಪ, ಅಂದೆ.